ಗಾಳಿಯ ಹೊಡೆತ, ವಿಮಾನದ ಇಳಿತ ಮತ್ತು ನಮ್ಮ ವರದಿಗಳು

ಸಂಪಾದಕರಿಗೆ,

ಮಾನ್ಯರೇ,

ಗಾಳಿಯ ಕಾಲ ಬಂದಾಗಲೆಲ್ಲ ಪತ್ರಿಕೆಗಳಲ್ಲಿಯೂ ಮೊಬೈಲ್ ಪರದೆಗಳಲ್ಲಿಯೂ ಎರಡು ಬಗೆಯ ಸುದ್ದಿಗಳು ಕಾಣಿಸಿಕೊಳ್ಳುತ್ತವೆ. ರನ್‌ವೇಗೆ ಇನ್ನೇನು ತಾಗಬೇಕೆನ್ನುವಷ್ಟರಲ್ಲಿ ವಿಮಾನ ಮತ್ತೆ ಮೇಲಕ್ಕೆ ಹಾರಿತು, ಪ್ರಯಾಣಿಕರು ಕೂದಲೆಳೆಯ ಅಂತರದಲ್ಲಿ ಪಾರಾದರು ಎಂಬುದು ಮೊದಲನೆಯದು. ರೆಕ್ಕೆಗಳು ತೂಗಾಡುತ್ತ, ಮೂಗು ಓರೆಯಾಗಿ, ಒಂದು ಬದಿಯ ಚಕ್ರಗಳು ಮೊದಲು ನೆಲಕ್ಕೆ ಬಡಿದು ಹೇಗೋ ನಿಂತ ವಿಮಾನದ ದೃಶ್ಯ ಮತ್ತು ಅದನ್ನು ಇಳಿಸಿದವರ ಎದೆಗಾರಿಕೆಗೆ ಸಲ್ಲುವ ಮೆಚ್ಚುಗೆಯ ಸುರಿಮಳೆ ಎರಡನೆಯದು. ಪೈಲಟ್‌ಗಳ ತರಬೇತಿಯಲ್ಲಿ ಬಹುಕಾಲ ಕಳೆದ ನನಗೆ ಇವೆರಡೂ ಸಮನಾಗಿ ಕಳವಳ ತರುತ್ತವೆ. ಇಳಿಯುವುದನ್ನು ಕೈಬಿಟ್ಟವನನ್ನು ಅನುಮಾನದಿಂದ ನೋಡುವ, ಇಳಿಸಿಯೇ ತೀರಿದವನನ್ನು ಹೊತ್ತು ಮೆರೆಸುವ ಈ ರೂಢಿ ಕಾಕ್‌ಪಿಟ್‌ನೊಳಗೂ ತಲುಪುತ್ತದೆ. ಹಠಾತ್ ಗಾಳಿಯಲ್ಲಿ ವಿಮಾನ ಇಳಿಸುವುದೆಂದರೆ ನಿಜವಾಗಿ ಏನೆಂಬುದನ್ನು ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೋರುತ್ತೇನೆ.

ಸಾಧಾರಣ ಗಾತ್ರದ ಪ್ರಯಾಣಿಕ ಜೆಟ್ ವಿಮಾನವೊಂದು ಇಳಿಯಲು ಬರುವಾಗ ಗಾಳಿಗೆ ಹೋಲಿಸಿದರೆ ಅದರ ವೇಗ ಸುಮಾರು 140 ನಾಟ್, ಅಂದರೆ ಗಂಟೆಗೆ 260 ಕಿಲೋಮೀಟರ್. ಅದು 3 ಡಿಗ್ರಿಯ ಇಳಿಜಾರಿನಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ 700 ಅಡಿ ಕೆಳಗಿಳಿಯುತ್ತಿರುತ್ತದೆ. ರೆಕ್ಕೆಗೆ ಲೆಕ್ಕಕ್ಕೆ ಬರುವುದು ತನ್ನ ಮೇಲೆ ಹರಿಯುವ ಗಾಳಿಯ ವೇಗವೇ ಹೊರತು ನೆಲದ ಮೇಲಿನ ವೇಗವಲ್ಲ. ಹತ್ತಾರು ಟನ್ ತೂಕದ ವಿಮಾನ ತನ್ನ ನೆಲದ ವೇಗವನ್ನು ಕ್ಷಣಾರ್ಧದಲ್ಲಿ ಬದಲಿಸಿಕೊಳ್ಳಲಾರದು. ಆದ್ದರಿಂದ ಎದುರುಗಾಳಿ ಒಮ್ಮೆಲೇ 20 ನಾಟ್‌ನಷ್ಟು ಸತ್ತುಹೋದರೆ ರೆಕ್ಕೆಯ ಮೇಲಿನ ಗಾಳಿಯೂ ಅಷ್ಟೇ ಕಡಿಮೆಯಾಗಿ 140 ಇದ್ದದ್ದು 120 ಆಗುತ್ತದೆ. ಎತ್ತುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಮೂಗಿನ ಕೋನ ಹಾಗೆಯೇ ಇದ್ದರೆ, ಆ ಒಂದು ಕ್ಷಣದಲ್ಲಿ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಬಲ ಇಲ್ಲವಾಗುತ್ತದೆ. 10,000 ಅಡಿ ಎತ್ತರದಲ್ಲಿ ಇದು ಹೊಟ್ಟೆ ತೊಳಸುವ ಒಂದು ಕುಸಿತವಷ್ಟೇ. ನೆಲದಿಂದ 50 ಅಡಿಯಲ್ಲಿ ಅದೇ ಕುಸಿತಕ್ಕೆ ಜಾಗವಿರುವುದಿಲ್ಲ.

ಹೊಸಬರು ಸಾಮಾನ್ಯವಾಗಿ ಎಡವುವುದು ಗಾಳಿ ಬಿದ್ದುಹೋದಾಗಲ್ಲ, ಅದಕ್ಕೂ ಮೊದಲು ಎದ್ದಾಗ. ಎದುರಿನಿಂದ ಹೊಡೆತ ಬಂದೊಡನೆ ವೇಗದ ಅಂಕಿ ಮೇಲಕ್ಕೆ ಜಿಗಿಯುತ್ತದೆ, ವಿಮಾನ ಇಳಿಜಾರಿನ ಹಾದಿಗಿಂತ ಮೇಲೇಳುತ್ತದೆ, ಕೈ ತಾನಾಗಿಯೇ ಎಂಜಿನ್‌ನ ಲಿವರುಗಳನ್ನು ಹಿಂದಕ್ಕೆ ಎಳೆಯುತ್ತದೆ. ಮರುಕ್ಷಣ ಗಾಳಿ ಅಡಗಿದಾಗ ವೇಗವೂ ಇಲ್ಲ, ಶಕ್ತಿಯೂ ಇಲ್ಲ ಎಂಬ ಸ್ಥಿತಿ. ಜೆಟ್ ಎಂಜಿನ್ ಕನಿಷ್ಠ ಶಕ್ತಿಯಿಂದ ಪೂರ್ಣ ಶಕ್ತಿಗೆ ಏರಲು ಹಲವು ಸೆಕೆಂಡುಗಳು ಬೇಕು. ಕನಿಷ್ಠ ಶಕ್ತಿಯಲ್ಲಿದ್ದ ಎಂಜಿನ್‌ಗಳ ಲಿವರುಗಳನ್ನು ಮುಂದೂಡಿದ 8 ಸೆಕೆಂಡುಗಳ ನಂತರ ಸಿಗುವ ಶಕ್ತಿಯ ಆಧಾರದ ಮೇಲೆಯೇ ವಿಮಾನದ ಮೇಲೇರುವ ಸಾಮರ್ಥ್ಯವನ್ನು ಪ್ರಮಾಣೀಕರಿಸಲಾಗುತ್ತದೆ. ರೆಕ್ಕೆಯ ಹಿಂಬದಿಯಿಂದ ಚಾಚಿಕೊಳ್ಳುವ ಫ್ಲ್ಯಾಪ್ ಎಂಬ ಹಲಗೆಗಳನ್ನು ಪೂರ್ತಿ ಚಾಚಿ, ಚಕ್ರಗಳನ್ನು ಬೇಗನೆ ಇಳಿಬಿಟ್ಟು, ಇವುಗಳಿಂದ ಗಾಳಿಯಲ್ಲಿ ಉಂಟಾಗುವ ಎಳೆತವನ್ನು ಎದುರಿಸಲು ಎಂಜಿನ್‌ಗಳನ್ನು ಸಾಕಷ್ಟು ಶಕ್ತಿಯಲ್ಲಿಟ್ಟುಕೊಂಡೇ ಬರಬೇಕೆಂದು ನಾವು ಕಲಿಸುವುದರ ಒಂದು ಕಾರಣ ಇದೇ. 1999ರ ಆಗಸ್ಟ್ 22ರಂದು ಚಂಡಮಾರುತದ ನಡುವೆ ಹಾಂಗ್‌ಕಾಂಗ್‌ನಲ್ಲಿ ಇಳಿಯುತ್ತಿದ್ದ ಚೀನಾ ಏರ್‌ಲೈನ್ಸ್‌ನ ಎಂಡಿ-11 ವಿಮಾನ ನೆಲಕ್ಕೆ ಬಡಿದು, ಬಲ ರೆಕ್ಕೆ ಮುರಿದು, ತಲೆಕೆಳಗಾಗಿ ಬಿದ್ದು, ಅದರಲ್ಲಿದ್ದ 315 ಜನರಲ್ಲಿ 3 ಮಂದಿ ತೀರಿಕೊಂಡರು. ಕೊನೆಯ 50 ಅಡಿಗಳಲ್ಲಿ ಇಳಿಯುವ ರಭಸವನ್ನು ತಡೆಯಲಾಗಲಿಲ್ಲವೆಂಬುದು ತನಿಖೆಯ ತೀರ್ಮಾನ. ಎದುರುಗಾಳಿ ಕ್ಷಣಕಾಲ ಕುಗ್ಗಿದ್ದೂ ಎಂಜಿನ್ ಶಕ್ತಿಯನ್ನು ಬೇಗ ತಗ್ಗಿಸಿದ್ದೂ ಸೇರಿ ಸುಮಾರು 20 ನಾಟ್ ವೇಗ ನಷ್ಟವಾಗಿರಬಹುದೆಂದು ಅದು ಹೇಳಿತು.

ಹಾಗಾದರೆ ಮೊದಲೇ ಹೆಚ್ಚು ವೇಗ ಇಟ್ಟುಕೊಂಡು ಬರಬಾರದೇಕೆ ಎಂದು ಓದುಗರು ಕೇಳಬಹುದು. ಇಟ್ಟುಕೊಳ್ಳುತ್ತೇವೆ, ಆದರೆ ಅಳತೆ ಮಾಡಿ. ಬೋಯಿಂಗ್ ವಿಮಾನಗಳಲ್ಲಿ ಎಂಜಿನ್ ಶಕ್ತಿಯನ್ನು ಕೈಯಿಂದಲೇ ನಿಯಂತ್ರಿಸುವಾಗ, ಸ್ಥಿರವಾಗಿ ಬೀಸುವ ಎದುರುಗಾಳಿಯ ಅರ್ಧವನ್ನೂ ಅದರ ಮೇಲೆ ಏಳುವ ಹೊಡೆತದ ಪೂರ್ಣ ಭಾಗವನ್ನೂ ಇಳಿಯುವ ವೇಗಕ್ಕೆ ಕೂಡಿಸುವುದು ಬಹುಕಾಲದ ಪದ್ಧತಿ. ಗಾಳಿ 10 ನಾಟ್ ಇದ್ದು ಆಗಾಗ 20ಕ್ಕೆ ಏರುತ್ತಿದ್ದರೆ 5 ಮತ್ತು 10 ಸೇರಿ 15 ನಾಟ್ ಹೆಚ್ಚಳ. ಸ್ಥಿರ ಗಾಳಿಗಾಗಿ ಕೂಡಿಸಿದ ಪಾಲನ್ನು ರನ್‌ವೇ ಹತ್ತಿರವಾದಂತೆ ಬಿಟ್ಟುಕೊಡಬೇಕು. ಹೊಡೆತಕ್ಕಾಗಿ ಕೂಡಿಸಿದ್ದನ್ನು ಚಕ್ರ ತಾಗುವ ತನಕ ಉಳಿಸಿಕೊಳ್ಳಬೇಕು. ಏರ್‌ಬಸ್ ವಿಮಾನಗಳ ಕಂಪ್ಯೂಟರ್, ನೆಲದ ವೇಗ ಒಂದು ಮಟ್ಟಕ್ಕಿಂತ ಕೆಳಗೆ ಬೀಳದಂತೆ, ಎದುರುಗಾಳಿ ಏರಿದಾಗ ಗುರಿವೇಗವನ್ನೂ ತಾನೇ ಏರಿಸುತ್ತದೆ. ಇದಕ್ಕಿಂತ ಹೆಚ್ಚು ಕೂಡಿಸಿದರೆ ವಿಮಾನ ರನ್‌ವೇಯ ಮೇಲೆ ತೇಲುತ್ತ ಸಾಗಿ ಬಹಳ ಮುಂದೆ ಇಳಿಯುತ್ತದೆ, ಬ್ರೇಕುಗಳ ಮೇಲೆ ಬೀಳುವ ಹೊರೆ ಹೆಚ್ಚುತ್ತದೆ. ಅದೇ ವಿಮಾನ 140ರ ಬದಲು 160 ನಾಟ್ ನೆಲದ ವೇಗದಲ್ಲಿ ತಾಗಿದರೆ ಕರಗಿಸಬೇಕಾದ ಚಲನಶಕ್ತಿ ಶೇ 30ರಷ್ಟು ಹೆಚ್ಚು. ಒದ್ದೆಯಾದ ರನ್‌ವೇಯಲ್ಲಿ ಇದು ಸಣ್ಣ ಮಾತಲ್ಲ.

ಈಗ ಅಡ್ಡಗಾಳಿಯ ವಿಷಯ. ವಿಡಿಯೋಗಳಲ್ಲಿ ಜನರನ್ನು ಹೆಚ್ಚು ಹೆದರಿಸುವುದು ಮೂಗನ್ನು ಪಕ್ಕಕ್ಕೆ ತಿರುಗಿಸಿಕೊಂಡು ಬರುವ ವಿಮಾನ. ಅದು ನಿಯಂತ್ರಣ ತಪ್ಪಿದ ವಿಮಾನವಲ್ಲ. ಹೊಳೆಯನ್ನು ನೇರವಾಗಿ ದಾಟಬೇಕಾದ ಅಂಬಿಗ ದೋಣಿಯ ಮೂತಿಯನ್ನು ಸೆಳವಿನ ಎದುರಿಗೆ ಸ್ವಲ್ಪ ತಿರುಗಿಸಿಕೊಳ್ಳುವ ಹಾಗೆ, 25 ನಾಟ್ ಅಡ್ಡಗಾಳಿಯಲ್ಲಿ ರನ್‌ವೇಯ ನಡುಗೆರೆಯ ಮೇಲೆ ಉಳಿಯಬೇಕಾದರೆ ಮೂಗು ಸುಮಾರು 10 ಡಿಗ್ರಿ ಗಾಳಿಯ ಕಡೆಗೆ ತಿರುಗಿರಲೇಬೇಕು. ನೆಲ ಸಮೀಪಿಸಿದಾಗ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಪೆಡಲನ್ನು ಒತ್ತಿ ಮೂಗನ್ನು ರನ್‌ವೇಗೆ ನೇರ ಮಾಡಿ, ಅದೇ ಹೊತ್ತಿಗೆ ಗಾಳಿ ಬರುವ ಕಡೆಯ ರೆಕ್ಕೆಯನ್ನು ಕೊಂಚ ತಗ್ಗಿಸಿ, ವಿಮಾನ ಪಕ್ಕಕ್ಕೆ ಜಾರದಂತೆ ನೋಡಿಕೊಳ್ಳಬೇಕು. ರೆಕ್ಕೆ ಅತಿಯಾಗಿ ತಗ್ಗಿದರೆ ಅದರ ಕೆಳಗೆ ತೂಗುವ ಎಂಜಿನ್ನೋ ರೆಕ್ಕೆಯ ತುದಿಯೋ ನೆಲ ಕೆರೆಯುತ್ತದೆ. ಗಾಳಿ ಸ್ಥಿರವಾಗಿದ್ದರೆ ಇದೊಂದು ಕಲಿಯಬಹುದಾದ ಕೌಶಲ. ಗಾಳಿ ಹೊಡೆತ ಹೊಡೆತವಾಗಿ ಬಂದಾಗ ಎಷ್ಟು ರಡ್ಡರ್, ಎಷ್ಟು ಓರೆ ಎಂಬ ಲೆಕ್ಕ ಪ್ರತಿ ಸೆಕೆಂಡಿಗೂ ಬದಲಾಗುತ್ತದೆ. ಚಕ್ರ ತಾಗಿದ ಮೇಲೂ ಕೆಲಸ ಮುಗಿಯುವುದಿಲ್ಲ. ಎತ್ತುವ ಬಲವನ್ನು ಕುಗ್ಗಿಸುವ, ರೆಕ್ಕೆಯ ಮೇಲಿನ ಸ್ಪಾಯ್ಲರ್ ಹಲಗೆಗಳು ತೆರೆದುಕೊಂಡು ಭಾರ ಚಕ್ರಗಳ ಮೇಲೆ ಕೂರಬೇಕು, ಗಾಳಿಯ ಕಡೆಯ ರೆಕ್ಕೆ ಮೇಲೇಳದಂತೆ ಹಿಡಿಯಬೇಕು, ವಿಮಾನ ಪಕ್ಕಕ್ಕೆ ಸರಿಯತೊಡಗಿದರೆ ರಿವರ್ಸ್ ಥ್ರಸ್ಟ್ (ವೇಗ ತಗ್ಗಿಸಲು ಮುಂದಕ್ಕೆ ತಿರುಗಿಸಿದ ಎಂಜಿನ್ ಬಲ) ತಗ್ಗಿಸಿ ಮೊದಲು ನೇರವಾಗಬೇಕು. ದೊಡ್ಡ ಜೆಟ್ ವಿಮಾನಗಳ ಮುಖ್ಯ ಚಕ್ರಗಳು ಮೂಗು ಸ್ವಲ್ಪ ಓರೆಯಾಗಿರುವಾಗ ತಾಗಿದರೂ ತಾಳಿಕೊಳ್ಳುವಷ್ಟು ಗಟ್ಟಿಯಾಗಿರುತ್ತವೆ ಎಂಬುದನ್ನೂ ಹೇಳಬೇಕು.

ಇಷ್ಟೆಲ್ಲ ಹೇಳಲು ಕಾರಣ 2008ರ ಮಾರ್ಚ್ 1ರ ಹ್ಯಾಂಬರ್ಗ್ ಘಟನೆ. ಬಿರುಗಾಳಿಯಲ್ಲಿ ಇಳಿಯುತ್ತಿದ್ದ ಲುಫ್ತಾನ್ಸಾದ ಎ320 ವಿಮಾನದ ಎಡ ರೆಕ್ಕೆಯ ತುದಿ ರನ್‌ವೇಗೆ ಉಜ್ಜಿತು. ವಿಮಾನ ಮತ್ತೆ ಮೇಲೇರಿ, ಅಡ್ಡಗಾಳಿ ಕಡಿಮೆಯಿದ್ದ ಬೇರೊಂದು ರನ್‌ವೇಯಲ್ಲಿ ಸುರಕ್ಷಿತವಾಗಿ ಇಳಿಯಿತು. ಆ ದೃಶ್ಯ ಜಗತ್ತಿನಾದ್ಯಂತ ಹರಿದಾಡಿತು, ಪೈಲಟ್‌ಗಳಿಗೆ ವೀರರೆಂಬ ಹೊಗಳಿಕೆ ಸಿಕ್ಕಿತು. ತನಿಖೆ ಕೇಳಿದ ಪ್ರಶ್ನೆಗಳು ಬೇರೆಯೇ ಆಗಿದ್ದವು. ಕೊನೆಗೆ ಇಳಿದ ಆ ರನ್‌ವೇಯನ್ನು ಮೊದಲೇ ಏಕೆ ಕೇಳಲಿಲ್ಲ? ಆ ವಿಮಾನಕ್ಕೆ ಪರೀಕ್ಷೆಯಲ್ಲಿ ತೋರಿಸಲಾದ ಅತಿ ಹೆಚ್ಚಿನ ಅಡ್ಡಗಾಳಿಯ ಅಂಕಿಯನ್ನು ಪೈಲಟ್‌ಗಳು ಯಾವ ಅರ್ಥದಲ್ಲಿ ತೆಗೆದುಕೊಳ್ಳಬೇಕು? ಈ ಎರಡನೆಯ ಪ್ರಶ್ನೆಗೆ ವೃತ್ತಿಯೊಳಗೇ ಒಮ್ಮತದ ಉತ್ತರವಿಲ್ಲವೆಂದು ತನಿಖೆ ಕಂಡುಕೊಂಡಿತು. ಆ ಅಂಕಿ ಪ್ರಮಾಣೀಕರಣದ ಹೊತ್ತಿಗೆ ಪರೀಕ್ಷಾ ಪೈಲಟ್‌ಗಳಿಗೆ ಸಿಕ್ಕ ಗಾಳಿಯ ದಾಖಲೆ; ಅದು ವಿಮಾನದ ಸಾಮರ್ಥ್ಯದ ಕಟ್ಟಕಡೆಯೂ ಅಲ್ಲ, ಸಾಮಾನ್ಯ ಪೈಲಟ್ ಕಣ್ಣುಮುಚ್ಚಿ ನಂಬಬಹುದಾದ ಭರವಸೆಯೂ ಅಲ್ಲ. ನಿಯಮದ ಪ್ರಕಾರ ತೋರಿಸಲೇಬೇಕಾದದ್ದು 20 ನಾಟ್, ಸ್ಟಾಲ್ ವೇಗ (ರೆಕ್ಕೆ ವಿಮಾನವನ್ನು ಎತ್ತಿಹಿಡಿಯಬಲ್ಲ ಕನಿಷ್ಠ ವೇಗ) ಹೆಚ್ಚಿರುವ ವಿಮಾನಕ್ಕೆ ಅದಕ್ಕಿಂತ ಸ್ವಲ್ಪ ಹೆಚ್ಚು, ಆದರೆ 25 ನಾಟ್ ಮೀರಿ ತೋರಿಸಬೇಕೆಂಬ ಕಡ್ಡಾಯವಿಲ್ಲ. ಆದುದರಿಂದ ವಿಮಾನಯಾನ ಸಂಸ್ಥೆಯೇ ತನ್ನ ಮಿತಿಯನ್ನು ಸ್ಪಷ್ಟವಾಗಿ ಬರೆದು, ಅದರಲ್ಲಿ ಗಾಳಿಯ ಹೊಡೆತವೂ ಸೇರಿದೆಯೇ ಇಲ್ಲವೇ ಎಂಬುದನ್ನು ಹೇಳಿಬಿಡಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಹಾಗೆ ಬರೆದುಕೊಂಡ ಸಂಸ್ಥೆಗಳಲ್ಲಿ ಪೈಲಟ್‌ನ ಹೆಗಲ ಮೇಲಿನ ಭಾರ ಎಷ್ಟೋ ಇಳಿಯುತ್ತದೆ.

ಕಂಟ್ರೋಲ್ ಟವರ್ ಹೇಳುವ ಗಾಳಿಯ ಅಂಕಿಯ ಬಗ್ಗೆಯೂ ಒಂದು ಮಾತು. ಅದು ರನ್‌ವೇ ಪಕ್ಕದಲ್ಲಿ 10 ಮೀಟರ್ ಎತ್ತರದ ಕಂಬದ ಮೇಲಿರುವ ಮಾಪಕ ಅಳೆದ, 2 ನಿಮಿಷಗಳ ಸರಾಸರಿ. ಹವಾಮಾನ ವರದಿಯಲ್ಲಾದರೆ 10 ನಿಮಿಷಗಳ ಸರಾಸರಿ. ಗರಿಷ್ಠ ವೇಗ ಈ ಸರಾಸರಿಯನ್ನು 10 ನಾಟ್ ಅಥವಾ ಅದಕ್ಕಿಂತ ಹೆಚ್ಚು ಮೀರಿದಾಗ ಮಾತ್ರ ಅದನ್ನು ಹೊಡೆತವೆಂದು ಹವಾಮಾನ ವರದಿಯಲ್ಲಿ ನಮೂದಿಸುತ್ತಾರೆ. ಅಂದರೆ ಪೈಲಟ್ ಕೇಳಿಸಿಕೊಳ್ಳುವುದು ಈಗಾಗಲೇ ಬೀಸಿಹೋದ ಗಾಳಿಯ ಲೆಕ್ಕ. ಬೆಟ್ಟವನ್ನು ದಾಟಿ ಬರುವ ಗಾಳಿ, ದೊಡ್ಡ ಹ್ಯಾಂಗರ್‌ಗಳ ಮರೆಯಲ್ಲಿ ಸುಳಿಗೊಳ್ಳುವ ಗಾಳಿ ಮಾಪಕದ ಬಳಿ ಒಂದು ರೀತಿ, ವಿಮಾನ ತಾಗುವ ಜಾಗದಲ್ಲಿ ಇನ್ನೊಂದು ರೀತಿ ಇರಬಹುದು. ಬೆಟ್ಟಗಳ ಪಕ್ಕದಲ್ಲಿರುವ ಹಾಂಗ್‌ಕಾಂಗ್ ವಿಮಾನ ನಿಲ್ದಾಣ 2002ರಲ್ಲಿಯೇ ಲೇಸರ್ ಕಿರಣದಿಂದ ಗಾಳಿಯ ಚಲನೆ ಅಳೆಯುವ ಲೈಡಾರ್ ಅಳವಡಿಸಿಕೊಂಡದ್ದು ಇದೇ ಕಾರಣಕ್ಕೆ.

ಗಾಳಿಯ ಹೊಡೆತಗಳಲ್ಲಿ ಅತ್ಯಂತ ಘೋರವಾದದ್ದು ಗುಡುಗುಮೋಡದಿಂದ ಬೀಳುವ ಮೈಕ್ರೋಬರ್ಸ್ಟ್. ತಣ್ಣನೆಯ ಗಾಳಿ ಮೋಡದಿಂದ ನೇರ ಕೆಳಗೆ ಕುಸಿದು, ನೆಲಕ್ಕೆ ಬಡಿದು, ಎಲ್ಲ ದಿಕ್ಕಿಗೂ ಹರಡುತ್ತದೆ. ಅದರ ಹರವು 4 ಕಿಲೋಮೀಟರ್‌ಗಿಂತ ಕಡಿಮೆ. ಅದರೊಳಗೆ ಹೊಕ್ಕ ವಿಮಾನಕ್ಕೆ ಮೊದಲು ಎದುರುಗಾಳಿ ಹೆಚ್ಚಿ ಎಲ್ಲವೂ ಚೆನ್ನಾಗಿದೆಯೆನಿಸುತ್ತದೆ, ನಂತರ ಮೇಲಿನಿಂದ ಒತ್ತು ಬೀಳುತ್ತದೆ, ಕೊನೆಗೆ ಗಾಳಿ ಹಿಂದಿನಿಂದ ಬೀಸಿ ವೇಗವನ್ನೇ ಕಸಿದುಕೊಳ್ಳುತ್ತದೆ. 1975ರ ಜೂನ್ 24ರಂದು ನ್ಯೂಯಾರ್ಕ್‌ನಲ್ಲಿ ಇಳಿಯುತ್ತಿದ್ದ ಈಸ್ಟರ್ನ್ ಏರ್‌ಲೈನ್ಸ್‌ನ 66ನೇ ಸಂಖ್ಯೆಯ ಬೋಯಿಂಗ್ 727 ಹೀಗೆ ರನ್‌ವೇಗೆ ಮೊದಲೇ ನೆಲಕ್ಕಪ್ಪಳಿಸಿ 113 ಮಂದಿ ಸತ್ತರು. ಈ ದುರಂತವನ್ನು ಅಧ್ಯಯನ ಮಾಡಿದ ವಿಜ್ಞಾನಿ ತೆತ್ಸುಯಾ ಫುಜಿಟಾ ಅವರೇ ಇಂಥ ಗಾಳಿಯ ಸ್ವರೂಪವನ್ನು ಲೋಕಕ್ಕೆ ವಿವರಿಸಿದವರು.

ಆ ದಿನದ ವಿವರಗಳಲ್ಲಿ ನನ್ನ ವಾದಕ್ಕೆ ಮುಖ್ಯವಾದದ್ದು ಬೇರೊಂದಿದೆ. ದುರಂತಕ್ಕೆ ಕೆಲವೇ ನಿಮಿಷಗಳ ಮುಂಚೆ ಅದೇ ರನ್‌ವೇಯಲ್ಲಿ ಕಷ್ಟಪಟ್ಟು ಇಳಿದ ಸರಕು ವಿಮಾನವೊಂದರ ಪೈಲಟ್, ಗಾಳಿ ಭಯಂಕರವಾಗಿ ಬದಲಾಗುತ್ತಿದೆ, ರನ್‌ವೇ ಬದಲಿಸಿ ಎಂದು ಟವರ್‌ಗೆ ಹೇಳಿದ್ದರು. ಅದರ ಹಿಂದೆ ಬಂದ, ಈಸ್ಟರ್ನ್ ಸಂಸ್ಥೆಯದೇ ಆದ ಇನ್ನೊಂದು ವಿಮಾನ ಇಳಿಯುವುದನ್ನು ಕೈಬಿಟ್ಟು ಮೇಲೇರಿ ಬೇರೆ ವಿಮಾನ ನಿಲ್ದಾಣಕ್ಕೆ ಹೋಯಿತು. ಆ ಮೇಲೆ ಒಂದೆರಡು ವಿಮಾನಗಳು ಹೇಗೋ ಇಳಿದವು. 66ನೇ ವಿಮಾನ ಮುಂದುವರಿಯಿತು. ಮೇಲೇರಿ ಹೋದ ವಿಮಾನದ ಪ್ರಯಾಣಿಕರು ಮನೆಗೆ ತಡವಾಗಿ ತಲುಪಿರಬೇಕು, ಬೇಸರಪಟ್ಟುಕೊಂಡಿರಲೂಬಹುದು. ಅವರ ಕ್ಯಾಪ್ಟನ್ ಮಾಡಿದ ತೀರ್ಮಾನದ ಬಗ್ಗೆ ಬರೆದವರು ಬಹಳ ಕಡಿಮೆ. ನನ್ನ ಮಟ್ಟಿಗೆ ಅಂದಿನ ಅತ್ಯುತ್ತಮ ಚಾಲನೆ ಅದೇ.

1985ರ ಆಗಸ್ಟ್ 2ರಂದು ಡಲ್ಲಾಸ್‌ನಲ್ಲಿ ಡೆಲ್ಟಾ ಸಂಸ್ಥೆಯ ಟ್ರೈಸ್ಟಾರ್ ವಿಮಾನ ಇದೇ ಬಗೆಯ ಗಾಳಿಗೆ ಸಿಕ್ಕಿ 137 ಮಂದಿ ಬಲಿಯಾದ ಮೇಲೆ ಅಮೆರಿಕದಲ್ಲಿ ತರಬೇತಿ ಬದಲಾಯಿತು, ವಿಮಾನದೊಳಗೆ ಎಚ್ಚರಿಕೆ ಸಾಧನಗಳು ಕಡ್ಡಾಯವಾದವು. ಇಂದಿನ ವಿಮಾನಗಳ ಮೂಗಿನಲ್ಲಿರುವ ರೇಡಾರ್, ಮುಂದಿರುವ ಮಳೆಹನಿಗಳ ಚಲನೆಯಿಂದ ಅಪಾಯವನ್ನು ಮೊದಲೇ ಗುರುತಿಸಿ ಮೇಲೇರಲು ಹೇಳುತ್ತದೆ. ಅಷ್ಟರಲ್ಲಿ ಗಾಳಿಯೊಳಗೆ ಸಿಕ್ಕಿಬಿದ್ದಿದ್ದರೆ ಪೂರ್ಣ ಶಕ್ತಿ ಕೊಟ್ಟು, ಮೂಗನ್ನು ಎತ್ತಿ ಹಿಡಿದು, ಗಂಡಾಂತರ ಕಳೆಯುವ ತನಕ ಚಕ್ರವನ್ನೂ ಫ್ಲ್ಯಾಪನ್ನೂ ಮುಟ್ಟದೆ ಹೊರಬರಬೇಕು. ಇದನ್ನು ಸಿಮ್ಯುಲೇಟರ್‌ನಲ್ಲಿ ಎಲ್ಲರಿಗೂ ಮಾಡಿಸುತ್ತೇವೆ. ಆದರೆ ಹನಿಯಿಲ್ಲದ ಒಣಗಾಳಿಯ ಹೊಡೆತವನ್ನು ಆ ರೇಡಾರ್ ಕಾಣದು, ಮತ್ತು ಎಚ್ಚರಿಕೆಯ ಮಟ್ಟಕ್ಕೆ ಏರದ ಗಾಳಿಯೂ ವಿಮಾನವನ್ನು ಹಾದಿಯಿಂದ ತಪ್ಪಿಸಬಲ್ಲದು. ಆಗ ತೀರ್ಮಾನ ಮನುಷ್ಯನದೇ. ಕಂಪ್ಯೂಟರ್ ತಾನೇ ಇಳಿಸುತ್ತದಲ್ಲವೇ ಎಂದು ಅನೇಕರು ಕೇಳುತ್ತಾರೆ. ಸ್ವಯಂಚಾಲಿತ ಇಳಿತ ಮುಖ್ಯವಾಗಿ ಮಂಜಿಗಾಗಿ ರೂಪುಗೊಂಡದ್ದು, ಅದಕ್ಕೆ ನಿಗದಿಯಾದ ಅಡ್ಡಗಾಳಿಯ ಮಿತಿ ಸಾಮಾನ್ಯವಾಗಿ ಕೈಚಾಲನೆಯ ಮಿತಿಗಿಂತ ಕಡಿಮೆಯೇ. ಬಿರುಗಾಳಿಯ ದಿನ ವಿಮಾನ ಇಳಿಸುವುದು ಕೈಗಳೇ.

ಆ ಕೈಗಳ ಹಿಂದಿರುವ ಮನಸ್ಸಿಗೆ ನಾವು ಯಾವ ಸಂದೇಶ ಕೊಡುತ್ತಿದ್ದೇವೆ? ವೇಗ, ಇಳಿಯುವ ರಭಸ, ದಿಕ್ಕು, ಎಂಜಿನ್ ಶಕ್ತಿ ಇವೆಲ್ಲ ಮೋಡ ಮುಸುಕಿದ ದಿನ 1,000 ಅಡಿಯಲ್ಲಿ, ತಿಳಿಯಾದ ದಿನ 500 ಅಡಿಯಲ್ಲಿ ಮಿತಿಯೊಳಗೆ ಇರದಿದ್ದರೆ ಇಳಿಯುವುದನ್ನು ಬಿಟ್ಟುಬಿಡಬೇಕೆಂಬುದು ಬಹುತೇಕ ಎಲ್ಲ ಸಂಸ್ಥೆಗಳು ಒಪ್ಪಿಕೊಂಡಿರುವ ನಿಯಮ. ಆದರೂ ವಿಮಾನಯಾನ ಸುರಕ್ಷತೆಗಾಗಿ ದುಡಿಯುವ ಫ್ಲೈಟ್ ಸೇಫ್ಟಿ ಫೌಂಡೇಶನ್ ಎಂಬ ಸಂಸ್ಥೆ ನಡೆಸಿದ ಅಧ್ಯಯನದಲ್ಲಿ, ಹೀಗೆ ಮಿತಿ ತಪ್ಪಿದ ಇಳಿತಗಳಲ್ಲಿ ಸುಮಾರು ಶೇ 97ರಷ್ಟನ್ನು ಪೈಲಟ್‌ಗಳು ಮುಂದುವರಿಸಿ ಇಳಿಸಿಯೇ ಬಿಡುತ್ತಾರೆಂದು ಕಂಡುಬಂತು. ಅವುಗಳಲ್ಲಿ ಹೆಚ್ಚಿನವು ಏನೂ ಆಗದೆ ಮುಗಿಯುತ್ತವೆ, ಅದೇ ಇಲ್ಲಿನ ಅಪಾಯ; ಪ್ರತಿ ಸಲ ಪಾರಾದಾಗಲೂ ಮುಂದಿನ ಸಲಕ್ಕೆ ಧೈರ್ಯ ಬೆಳೆಯುತ್ತದೆ. ದಣಿವು, ಕಾಯುತ್ತಿರುವ ಮುಂದಿನ ಪ್ರಯಾಣ, ಮುಂದೆ ಹೋದ ವಿಮಾನ ಇಳಿಯಿತಲ್ಲ ಎಂಬ ಸಮಾಧಾನ ಎಲ್ಲವೂ ಇಳಿಯುವ ಕಡೆಗೇ ತಳ್ಳುತ್ತವೆ. ಇವುಗಳ ಜೊತೆಗೆ ನಾಳೆ ಪತ್ರಿಕೆಯಲ್ಲಿ ‘ಇಳಿಸಲಾಗದ ಪೈಲಟ್’ ಎಂದು ಬರುವ ಅಳುಕೂ ಸೇರಬೇಕೇ?

ಚಕ್ರ ತಾಗಿದ ಮೇಲೂ, ರಿವರ್ಸ್ ಥ್ರಸ್ಟ್ ಹಾಕುವ ಮುಂಚೆ, ಮೇಲೇರುವ ದಾರಿ ತೆರೆದಿರುತ್ತದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. 2009ರ ಮಾರ್ಚ್ 23ರಂದು ಜಪಾನಿನ ನರಿಟಾದಲ್ಲಿ, ಹೊಡೆತ ಹೊಡೆತವಾಗಿ ಬೀಸುತ್ತಿದ್ದ ಗಾಳಿಯಲ್ಲಿ, ಫೆಡೆಕ್ಸ್‌ನ ಸರಕು ವಿಮಾನ ನೆಲಕ್ಕೆ ತಾಗಿ ಪುಟಿದು, ಮೂಗು ಕೆಳಗಾಗಿ ಮತ್ತೆ ಬಡಿದು, ಇನ್ನೂ ಎತ್ತರಕ್ಕೆ ಪುಟಿದು ಕಡೆಗೆ ರೆಕ್ಕೆ ಮುರಿದು ಉರಿದುಹೋಯಿತು, ಪೈಲಟ್‌ಗಳಿಬ್ಬರೂ ಉಳಿಯಲಿಲ್ಲ. ಪುಟಿದ ವಿಮಾನದ ಮೂಗನ್ನು ಕೆಳಗೆ ಒತ್ತಿ ಹೇಗಾದರೂ ಕೂರಿಸಿಬಿಡೋಣ ಎನಿಸುವುದು ಸಹಜ. ಮೂಗನ್ನು ಹಿಡಿದ ಕೋನದಲ್ಲೇ ನಿಲ್ಲಿಸಿ, ಜೋರಾಗಿ ಪುಟಿದಿದ್ದರೆ ಪೂರ್ಣ ಶಕ್ತಿ ಕೊಟ್ಟು ಹೊರಡಬೇಕೆಂದು ಕೈಗೆ ಮತ್ತೆ ಮತ್ತೆ ಕಲಿಸಬೇಕಾಗುತ್ತದೆ.

ಮೇಲೇರಿದ ವಿಮಾನದಲ್ಲಿ ಇಂಧನ ಮುಗಿದುಹೋದರೆ ಎಂಬ ಭಯವನ್ನೂ ವರದಿಗಳಲ್ಲಿ ಓದಿದ್ದೇನೆ. ಅಂತರರಾಷ್ಟ್ರೀಯ ನಿಯಮದಂತೆ ಜೆಟ್ ವಿಮಾನ, ಗೊತ್ತುಪಡಿಸಿದ ಬದಲಿ ನಿಲ್ದಾಣಕ್ಕೆ ಹೋಗಲು ಬೇಕಾದ ಇಂಧನವನ್ನೂ, ಅದರ ಮೇಲೆ ಇನ್ನೂ 30 ನಿಮಿಷ ಆಕಾಶದಲ್ಲಿ ಕಾಯುವಷ್ಟು ಇಂಧನವನ್ನೂ ಲೆಕ್ಕಹಾಕಿಯೇ ಹೊರಟಿರುತ್ತದೆ. ಗಾಳಿ ಇಳಿಯದಿದ್ದರೆ ಪದೇ ಪದೇ ಪ್ರಯತ್ನಿಸುತ್ತ ಅದನ್ನು ಸುಡುವುದಕ್ಕಿಂತ ಬೇಗ ಬೇರೆಡೆಗೆ ಹೋಗುವುದೇ ವಿವೇಕ.

ಪ್ರಯಾಣಿಕರಿಗೂ ಒಂದು ವಿಷಯ ತಿಳಿದಿರಲಿ. ಮೇಲೇರುವಾಗ ಎಂಜಿನ್‌ಗಳು ಒಮ್ಮೆಲೇ ಅಬ್ಬರಿಸುತ್ತವೆ, ಬೆನ್ನು ಕುರ್ಚಿಗೆ ಒತ್ತುತ್ತದೆ, ಮೂಗು ಕಡಿದಾಗಿ ಏಳುತ್ತದೆ, ಸ್ವಲ್ಪ ಹೊತ್ತಿನಲ್ಲಿ ಚಕ್ರಗಳು ಒಳಸೇರುವ ಸದ್ದು ಕೇಳುತ್ತದೆ. ಆಮೇಲೆ ಕೆಲವು ನಿಮಿಷ ಕಾಕ್‌ಪಿಟ್‌ನಿಂದ ಮಾತೇ ಬರದಿರಬಹುದು. ಆ ಮೌನ ಗಾಬರಿಯದಲ್ಲ; ವಿಮಾನವನ್ನು ಹಾರಿಸುವುದು, ದಾರಿ ಹಿಡಿಯುವುದು, ಟವರ್‌ನೊಂದಿಗೆ ಮಾತಾಡುವುದು ಮುಗಿದ ಮೇಲೆಯೇ ಪ್ರಯಾಣಿಕರೊಂದಿಗೆ ಮಾತು ಎಂಬುದು ನಮ್ಮ ವೃತ್ತಿಯ ಕ್ರಮ. ಸೀಟ್‌ಬೆಲ್ಟ್ ಬಿಗಿಯಾಗಿದ್ದರೆ ಸಾಕು.

ತಮ್ಮ ಪತ್ರಿಕೆಯಲ್ಲಿ ನನ್ನ ಬಿನ್ನಹ ಇಷ್ಟು. ಇನ್ನು ಮುಂದೆ ಗಾಳಿಯಿಂದಾಗಿ ವಿಮಾನವೊಂದು ಇಳಿಯದೆ ಮೇಲೇರಿದ ಸುದ್ದಿ ಬಂದಾಗ, ಆ ಹೊತ್ತಿನ ಗಾಳಿಯ ದಿಕ್ಕು ಮತ್ತು ವೇಗ ಎಷ್ಟಿತ್ತು, ಬೇರೆ ವಿಮಾನಗಳು ಏನು ಮಾಡಿದವು, ಕೊನೆಗೆ ವಿಮಾನ ಎಲ್ಲಿ ಇಳಿಯಿತು ಎಂಬುದನ್ನು ಕೇಳಿ ಬರೆಯುವಂತೆ ತಮ್ಮ ವರದಿಗಾರರಿಗೆ ತಿಳಿಸಿ. ಇಳಿಯುವುದನ್ನು ಕೈಬಿಟ್ಟದ್ದಕ್ಕೆ ಪೈಲಟ್‌ನಿಂದ ವಿವರಣೆ ಕೇಳುವುದಿಲ್ಲವೆಂದು ಲಿಖಿತವಾಗಿ ಭರವಸೆ ಕೊಟ್ಟಿರುವ ವಿಮಾನಯಾನ ಸಂಸ್ಥೆಗಳಿವೆ. ಯಾವ ಸಂಸ್ಥೆಯಲ್ಲಿ ಆ ಭರವಸೆ ಇದೆ, ಯಾವುದರಲ್ಲಿ ಇಲ್ಲ ಎಂಬುದನ್ನು ಕೇಳಿ ತಿಳಿದು ಪ್ರಕಟಿಸಿದರೆ ಟಿಕೆಟ್ ಕೊಳ್ಳುವ ಓದುಗರಿಗೂ, ಒಳಗೆ ಕುಳಿತು ವಿಮಾನ ಹಾರಿಸುವವರಿಗೂ ಉಪಕಾರವಾಗುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ಪೈಲಟ್ ತರಬೇತುದಾರ